ಹಚ್ಚಿಕೊಂಡವರಿಗೇ ಗೊತ್ತಾಗದ ಸೆಂಟು

ಪ್ರಶ್ನೆ: ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ವಯಸ್ಸು 36, ಬ್ಯಾಂಕಿನಲ್ಲಿ ಕೆಲಸ. ಮೊದಲಿನಿಂದಲೂ ನನಗೆ ಸೆಂಟಿನ ಹುಚ್ಚು. ಮುಂಚೆ ಹಾಕುತ್ತಿದ್ದದ್ದು ಜೋರಾಗಿ ಘಮ್ಮೆನ್ನುವಂಥದ್ದು. ಪಕ್ಕದ ಸೀಟಿನವರಿಗೆ ಮೈಗ್ರೇನ್ ಇದೆ. ಅವರು ಸಂಕೋಚಪಟ್ಟುಕೊಂಡೇ ‘ತಲೆ ಸಿಡಿಯುತ್ತೆ ಮೇಡಂ’ ಅಂದಮೇಲೆ ಅದನ್ನು ಬಿಟ್ಟೆ. ಈಗ ‘ಸ್ಕಿನ್ ಮಸ್ಕ್’ ಅಂತ ಬರೆದಿದ್ದ 50 ಎಂಎಲ್ ಬಾಟಲಿಯನ್ನು ಆನ್‌ಲೈನ್‌ನಲ್ಲಿ 3,200 ರೂಪಾಯಿ ಕೊಟ್ಟು ತರಿಸಿದ್ದೇನೆ. ಹಾಕಿಕೊಂಡ ಐದು ನಿಮಿಷ ಒಗೆದು ಒಣಗಿಸಿದ ಬಟ್ಟೆ, ಬೆಚ್ಚಗಿನ ಮೈ ಎರಡೂ ಸೇರಿದ ಹಾಗೆ ಘಮ. ತುಂಬಾ ಇಷ್ಟವಾಯಿತು. ಆಮೇಲೆ ಏನೂ ಇಲ್ಲ! ಸಾಲದು ಅಂತ ಎಂಟು–ಹತ್ತು ಸಲ ಹೊಡೆದುಕೊಂಡು ಹೋದೆ. ಅವತ್ತು ಅದೇ ಪಕ್ಕದ ಸೀಟಿನವರು ‘ಇವತ್ತು ಜಾಸ್ತಿ ಆಯ್ತು’ ಅಂದರು. ನನಗೆ ಮಾತ್ರ ಗೊತ್ತೇ ಆಗಲಿಲ್ಲ. ಚಿತ್ರದುರ್ಗದಿಂದ ಬಂದಿದ್ದ ತಂಗಿ ನನ್ನ ಕೈ ಮೂಸಿ ‘ಇದರಲ್ಲಿ ಏನಿದೆ, ಬರೀ ನೀರು’ ಅಂದಳು. ಏಳು ವರ್ಷದ ಮಗಳು ರಾತ್ರಿ ತಬ್ಬಿಕೊಂಡಾಗ ‘ಅಮ್ಮಾ, ಚೆನ್ನಾಗಿ ವಾಸನೆ ಬರ್ತೀಯ’ ಅಂತಾಳೆ. ಇದು ಡೂಪ್ಲಿಕೇಟ್ ಇರಬಹುದಾ? ನನ್ನ ಮೂಗು ಕೆಟ್ಟಿದೆಯಾ? ನನಗೇ ಗೊತ್ತಾಗದ ಸೆಂಟು ಯಾಕಿಷ್ಟು ಇಷ್ಟವಾಗುತ್ತಿದೆ? ಅತ್ತರಿಗೆ ಬದಲಾಯಿಸಲಾ? ಇನ್ನೊಂದು ವಿಷಯ. ನನ್ನ ಕುತ್ತಿಗೆ ಕಪ್ಪಾಗಿರುವುದು ಸೆಂಟಿನಿಂದಲೇ ಅಂತ ಅತ್ತೆ ಹೇಳುತ್ತಾರೆ. ಆಲ್ಕೋಹಾಲ್ ಹಾಕಿಕೊಂಡು ದೇವರ ಮುಂದೆ ಹೋಗಬಾರದು ಅಂತಲೂ ಹೇಳುತ್ತಾರೆ. ನಿಜವಾ?

ಉತ್ತರ: ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ನಿಮಗೆ ಗೊತ್ತಾಗುತ್ತಿಲ್ಲ, ತಂಗಿಗೂ ಇಲ್ಲ. ಆದರೆ ಪಕ್ಕದ ಸೀಟಿನವರಿಗೆ ಗೊತ್ತಾಗುತ್ತದೆ, ತಬ್ಬಿಕೊಂಡ ಮಗುವಿಗೂ ಗೊತ್ತಾಗುತ್ತದೆ. ಬಾಟಲಿಯಲ್ಲಿ ಬರೀ ನೀರಿದ್ದರೆ ಈ ಇಬ್ಬರಿಗೂ ಏನೂ ತಿಳಿಯುತ್ತಿರಲಿಲ್ಲ. ಹಾಗಾಗಿ ಬಾಟಲಿಯ ಮೇಲಿನ ಅನುಮಾನವನ್ನು ಸದ್ಯಕ್ಕೆ ಬದಿಗಿಡಿ. ನಿಮಗೆ ಗೊತ್ತಾಗದಿರಲು ಒಂದು ಕಾರಣ, ತಂಗಿಗೆ ಗೊತ್ತಾಗದಿರಲು ಬೇರೆಯದೇ ಕಾರಣ. ಎರಡನ್ನೂ ಸೇರಿಸಿ ನೋಡಿದ್ದರಿಂದ ಗೊಂದಲವಾಗಿದೆ.

ಅಗರಬತ್ತಿಗೆ, ಸೋಪಿಗೆ, ಪರ್ಫ್ಯೂಮಿಗೆ ಪರಿಮಳ ಬೆರೆಸುವುದು ನನ್ನ ಕೆಲಸ. ಮೈಗೆ ಹತ್ತಿಕೊಂಡೇ ಇರುವ ಇಂಥ ಮೆತ್ತನೆಯ ಸೆಂಟು ಕೊಂಡವರಿಂದ ನಾನು ಅತಿ ಹೆಚ್ಚು ಕೇಳುವ ದೂರು ಇದೇ: ದುಡ್ಡು ಕೊಟ್ಟೆ, ವಾಸನೆ ಇಲ್ಲ.

ಮೊದಲು ಮಸ್ಕ್ ಅಂದರೆ ಏನು ಅಂತ ನೋಡೋಣ. ನಮ್ಮ ಕಸ್ತೂರಿಯೇ ಅದು. ಹಿಮಾಲಯದ ಗಂಡು ಕಸ್ತೂರಿ ಮೃಗದ ಹೊಟ್ಟೆಯ ಬಳಿಯ ಗ್ರಂಥಿಯಿಂದ ಬರುತ್ತಿದ್ದ ವಸ್ತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಆ ಪ್ರಾಣಿ ಇದೆ. ಅದನ್ನು ಬೇಟೆಯಾಡುವುದು, ಕಸ್ತೂರಿ ಮಾರುವುದು ಎರಡೂ ಅಪರಾಧ. ಯಾರಾದರೂ ‘ಅಸಲಿ ಕಸ್ತೂರಿ’ ಅಂತ ಕಿವಿಯಲ್ಲಿ ಹೇಳಿ ಮಾರಿದರೆ ಅವರು ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ಕಾನೂನು ಮುರಿಯುತ್ತಿದ್ದಾರೆ. ಇವತ್ತು ಪರ್ಫ್ಯೂಮಿನಲ್ಲಿ ಇರುವುದು ಲ್ಯಾಬಿನಲ್ಲಿ ಮಾಡಿದ ಮಸ್ಕ್. ಅದರ ಹುಟ್ಟೇ ವಿಚಿತ್ರ. 1888ರಲ್ಲಿ ಆಲ್ಬರ್ಟ್ ಬಾವರ್ ಎಂಬ ರಸಾಯನ ವಿಜ್ಞಾನಿ ಟಿಎನ್‌ಟಿಗಿಂತ ಒಳ್ಳೆಯ ಸಿಡಿಮದ್ದು ಮಾಡಲು ಹೊರಟಿದ್ದ. ಅವನು ಮಾಡಿದ ವಸ್ತು ಕಸ್ತೂರಿಯ ಹಾಗೆ ಘಮಘಮಿಸಿತು. ನಿಜವಾದ ಕಸ್ತೂರಿಯ ಮುಖ್ಯ ಅಣುವಾದ ಮಸ್ಕೋನ್‌ನ ರಚನೆಯನ್ನು 1926ರಲ್ಲಿ ಲಿಯೊಪೋಲ್ಡ್ ರುಜಿಚ್ಕಾ ಎಂಬ ರಸಾಯನ ವಿಜ್ಞಾನಿ ಬಿಡಿಸಿದರು. ಮುಂದೆ 1939ರ ನೊಬೆಲ್ ಅವರಿಗೆ ಬಂತು. 1960ರ ದಶಕದಲ್ಲಿ ಗ್ಯಾಲಕ್ಸೊಲೈಡ್ ಎಂಬ ಅಗ್ಗದ, ಗಟ್ಟಿಮುಟ್ಟಾದ ಮಸ್ಕ್ ಬಂದ ಮೇಲೆ ಎಲ್ಲವೂ ಬದಲಾಯಿತು.

ಬದಲಾಗಿದ್ದು ಪರ್ಫ್ಯೂಮ್ ಅಂಗಡಿಯಲ್ಲಷ್ಟೇ ಅಲ್ಲ, ಬಟ್ಟೆ ಒಗೆಯುವ ಕಲ್ಲಿನ ಮೇಲೂ ಬದಲಾಯಿತು. ಈ ಜಾತಿಯ ಮಸ್ಕ್‌ಗಳು ನೀರಿನಲ್ಲಿ ಕರಗುವುದಿಲ್ಲ. ಸೋಪಿನ ಪುಡಿಯಲ್ಲಿ ಹಾಕಿದರೆ, ಬಟ್ಟೆ ಜಾಲಿಸಿದ ಮೇಲೂ ನೂಲಿಗೆ ಅಂಟಿಕೊಂಡು ಉಳಿಯುತ್ತವೆ. ಹಾಗಾಗಿ ಡಿಟರ್ಜೆಂಟ್, ಬಟ್ಟೆ ಮೆದುಮಾಡುವ ದ್ರಾವಣ, ಟಾಲ್ಕಂ ಪೌಡರ್, ಶಾಂಪೂ ಎಲ್ಲದರಲ್ಲೂ ಅವು ಸೇರಿದವು. ನಾವು ದಶಕಗಳಿಂದ ಒಗೆದ ಬಟ್ಟೆಯ ಜೊತೆಗೇ ಅವನ್ನು ಮೂಸುತ್ತಾ ಬಂದಿದ್ದೇವೆ. ಕೊನೆಗೆ ‘ಕ್ಲೀನ್’ ಅಂದರೆ ಈ ವಾಸನೆ ಅಂತ ತಲೆಯಲ್ಲಿ ಕೂತುಬಿಟ್ಟಿದೆ. ನಿಮ್ಮ ಹೊಸ ಸೆಂಟಿನಲ್ಲಿ ‘ಒಗೆದು ಒಣಗಿಸಿದ ಬಟ್ಟೆ’ ಕಂಡಿದ್ದು ನಿಮ್ಮ ಕಲ್ಪನೆ ಅಲ್ಲ. ನಿಮ್ಮ ಮೂಗು ಸರಿಯಾಗಿಯೇ ಗುರುತಿಸಿದೆ.

ಈಗ, ಅದು ಯಾಕೆ ಮೈಗೆ ಹತ್ತಿಕೊಂಡೇ ಇರುತ್ತದೆ? ಭಾರ, ಅಷ್ಟೇ. ನಿಂಬೆ, ಕಿತ್ತಳೆ ಸಿಪ್ಪೆಯ ಲಿಮೊನೀನ್ ಅಣುವಿನ ತೂಕ, ಹೈಡ್ರೋಜನ್ ಪರಮಾಣುವನ್ನು 1 ಅಂತ ಹಿಡಿದರೆ, 136. ಹಗುರ. ಬಾಟಲಿ ತೆರೆದ ಕೂಡಲೇ ಕೋಣೆಯ ಆ ಮೂಲೆಗೆ ಹಾರುತ್ತದೆ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಗ್ಯಾಲಕ್ಸೊಲೈಡ್‌ನ ತೂಕ 258. 300ರ ಆಸುಪಾಸು ದಾಟಿದರೆ ಹೆಚ್ಚಿನ ವಸ್ತುಗಳು ಆವಿಯಾಗಿ ಮೂಗಿನವರೆಗೆ ಬರುವುದೇ ಇಲ್ಲ. ಅಂದರೆ ಮಸ್ಕ್‌ಗಳು ಮನುಷ್ಯನ ಮೂಗಿಗೆ ಎಟುಕುವ ಅಂಚಿನಲ್ಲೇ ಇರುವಂಥವು. ನಿಧಾನವಾಗಿ, ಸ್ವಲ್ಪಸ್ವಲ್ಪವೇ ಚರ್ಮ ಬಿಟ್ಟು ಏಳುತ್ತವೆ. ಮೈ ಬಿಸಿಗೆ ಒಂದೆರಡು ಗೇಣು ಮೇಲೆ ಬರುತ್ತವೆ, ಅಷ್ಟಕ್ಕೇ ನಿಲ್ಲುತ್ತವೆ. ನಮ್ಮಲ್ಲಿ ವಾಸನೆ ನೋಡಲು ಬಳಸುವ ಕಾಗದದ ಪಟ್ಟಿಯ ಮೇಲೆ ಮಲ್ಲಿಗೆಯ ಹಗುರ ಭಾಗ ಆ ದಿನವೇ ಹೋಗುತ್ತದೆ. ಮಸ್ಕ್ ಅದ್ದಿದ ಪಟ್ಟಿ ವಾರಗಟ್ಟಲೆ ಬಿಟ್ಟು ನೋಡಿದರೂ ಹಾಗೇ ಇರುತ್ತದೆ. ನಿಮ್ಮ ಸೆಂಟು ಐದು ನಿಮಿಷಕ್ಕೆ ‘ಹೋಯಿತು’ ಅಂದಿರಲ್ಲ, ಅದು ಹೋಗಿಲ್ಲ. ಅಲ್ಲೇ ಇದೆ.

ಹೋಗಿದ್ದು ಅದನ್ನು ಗಮನಿಸುವ ನಿಮ್ಮ ಶಕ್ತಿ. ಒಂದೇ ವಾಸನೆ ಒಂದೇ ಸಮ ಬರುತ್ತಿದ್ದರೆ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು (ರಿಸೆಪ್ಟರ್) ಕೆಲವೇ ನಿಮಿಷಗಳಲ್ಲಿ ಸುಮ್ಮನಾಗುತ್ತವೆ. ಮಿದುಳು ಕೂಡ ಇದರಲ್ಲಿ ಹೊಸದೇನಿಲ್ಲ ಅಂತ ಬಿಟ್ಟುಬಿಡುತ್ತದೆ. ನಮ್ಮ ದಾವಣಗೆರೆಯಲ್ಲಿ ಇದಕ್ಕೆ ಸಾಕ್ಷಿ ಹುಡುಕಬೇಕಾ? ಮಿರ್ಚಿ ಕರಿಯುವ ಬಂಡಿಯ ಕಡೆ ಬರುವವರಿಗೆ ದೂರದಿಂದಲೇ ಘಮ ಬಡಿಯುತ್ತದೆ. ಬಾಣಲೆ ಮುಂದೆ ಇಡೀ ಸಂಜೆ ನಿಂತವನನ್ನು ಕೇಳಿ, ಅವನಿಗೆ ಏನೂ ಇಲ್ಲ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರನ್ನು ಕೇಳಿದರೂ ಅದೇ ಉತ್ತರ. ಜೋರಾದ ಸೆಂಟಿನಲ್ಲೂ ಹೀಗೆ ಆಗುತ್ತದೆ. ಆದರೆ ಅದರಲ್ಲಿ ನಿಂಬೆ, ಆಮೇಲೆ ಹೂವು, ಆಮೇಲೆ ಮರ ಅಂತ ವಾಸನೆ ಬದಲಾಗುತ್ತಾ ಇರುವುದರಿಂದ ಮೂಗು ಮತ್ತೆಮತ್ತೆ ಎಚ್ಚರಗೊಳ್ಳುತ್ತದೆ. ಸ್ಕಿನ್ ಮಸ್ಕ್ ಶುರುವಿನಿಂದ ಕೊನೆವರೆಗೆ ಹೆಚ್ಚೂಕಮ್ಮಿ ಒಂದೇ ಸಮ. ಸಾಲದ್ದಕ್ಕೆ ನಿಮ್ಮ ಸೀರೆ, ದಿಂಬಿನ ಕವರು, ಟವೆಲ್ಲು ಎಲ್ಲದರಲ್ಲೂ ಅದೇ ಕುಟುಂಬದ ವಾಸನೆ ಇದೆ. ಅಂದರೆ ಬಾಟಲಿ ಮುಟ್ಟುವ ಮುಂಚೆಯೇ ನಿಮ್ಮ ಮೂಗಿಗೆ ಅರ್ಧ ಅಭ್ಯಾಸ ಆಗಿರುತ್ತದೆ.

ನೀವು ಹತ್ತು ಸಲ ಹೊಡೆದುಕೊಂಡ ದಿನ ಆಗಿದ್ದು ಇದೇ. ಸುಮ್ಮನಾದ ಮೂಗು ಎರಡಕ್ಕೂ ಸುಮ್ಮನೆ, ಹತ್ತಕ್ಕೂ ಸುಮ್ಮನೆ. ಆದರೆ ಪಕ್ಕದಲ್ಲಿ ಕೂತವರ ಮೂಗು ತಾಜಾ ಇರುತ್ತದೆ. ಅದರಲ್ಲೂ ಬ್ಯಾಂಕಿನ ಎ.ಸಿ. ಹಾಲ್‌ನಲ್ಲಿ ಗಾಳಿ ಹೊರಗೆ ಹೋಗುವುದು ಕಡಿಮೆ, ವಾಸನೆ ಅಲ್ಲೇ ತುಂಬಿಕೊಳ್ಳುತ್ತದೆ. ಮೆತ್ತನೆಯ ಸೆಂಟಿನ ದೊಡ್ಡ ಅಪಾಯ ಅಂದರೆ ನನ್ನ ಮಟ್ಟಿಗೆ ಇದೇ. ಜೋರಾದದ್ದನ್ನು ಹಾಕಿಕೊಂಡವರಿಗೆ ಜಾಸ್ತಿ ಆಗಿದ್ದು ತಾವಾಗಿಯೇ ಗೊತ್ತಾಗುತ್ತದೆ. ಇದನ್ನು ಹಾಕಿಕೊಂಡವರಿಗೆ ಯಾರಾದರೂ ಹೇಳಬೇಕು, ಮತ್ತು ಹೆಚ್ಚಿನವರು ಹೇಳುವುದಿಲ್ಲ. ನಿಮ್ಮ ಪಕ್ಕದ ಸೀಟಿನವರು ಎರಡು ಸಲ ಬಾಯಿಬಿಟ್ಟು ಹೇಳಿದ್ದಾರೆ. ಒಳ್ಳೆಯ ಮನುಷ್ಯರು.

ತಂಗಿಯ ಕಥೆ ಬೇರೆ. ಅವಳು ಹೊರಗಿನಿಂದ ಬಂದವಳು, ಮೂಗಿಗೆ ಅಭ್ಯಾಸ ಆಗಿರಲಿಲ್ಲ. ಆದರೂ ಬರೀ ನೀರು ಅನ್ನಿಸಿತು. ಇದು ನಮ್ಮ ಕೆಲಸದಲ್ಲಿ ದಿನವೂ ಕಾಣುವ ಸಂಗತಿ. ಬೇರೆ ಎಲ್ಲ ವಾಸನೆಯೂ ಚೆನ್ನಾಗಿಯೇ ಬರುವ ಎಷ್ಟೋ ಜನರಿಗೆ ಒಂದೆರಡು ಮಸ್ಕ್ ಅಣುಗಳು ಮಾತ್ರ ಸುತರಾಂ ಬರುವುದಿಲ್ಲ. ಹುಟ್ಟಿನಿಂದಲೇ ಹಾಗೆ. ಗ್ಯಾಲಕ್ಸೊಲೈಡ್ ವಾಸನೆ ತಿಳಿಯುವುದಕ್ಕೂ ಓಆರ್4ಡಿ6 ಎಂಬ ಜೀನ್‌ಗೂ ಸಂಬಂಧ ಇದೆ ಅಂತ 2022ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಒಂದೇ ಮನೆಯಲ್ಲಿ ಅಕ್ಕನಿಗೆ ಬರುವುದು ತಂಗಿಗೆ ಬರದಿರಬಹುದು. ಅದಕ್ಕೇ ಮಸ್ಕ್ ಇರುವ ಮಿಶ್ರಣವನ್ನು ನಾವು ಯಾವತ್ತೂ ಒಬ್ಬರ ಮೂಗಿನ ಮೇಲೆ ಬಿಡುವುದಿಲ್ಲ. ನನಗೇ ಒಂದು ಮಸ್ಕ್ ತುಂಬಾ ಮಂದವಾಗಿ ಬರುತ್ತದೆ, ಅದು ಬಂದಾಗ ಪಕ್ಕದ ಮೇಜಿನವರನ್ನು ಕೇಳಿಯೇ ಮುಂದೆ ಹೋಗುತ್ತೇನೆ. ಒಳ್ಳೆಯ ತಯಾರಕರು ಮೂರು–ನಾಲ್ಕು ಜಾತಿಯ ಮಸ್ಕ್ ಸೇರಿಸುವುದೂ ಇದೇ ಕಾರಣಕ್ಕೆ, ಒಂದು ತಪ್ಪಿದರೆ ಇನ್ನೊಂದಾದರೂ ಸಿಗಲಿ ಅಂತ. ನಿಮ್ಮ ಬಾಟಲಿಯಲ್ಲಿ ಬಹುಶಃ ಒಂದೋ ಎರಡೋ ಇರಬೇಕು.

ಡೂಪ್ಲಿಕೇಟ್ ಹೌದೋ ಅಲ್ಲವೋ ನೋಡಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಒಂದು ಬಿಳಿ ಹತ್ತಿ ಬಟ್ಟೆಯನ್ನು ಸೋಪಿನ ಪುಡಿ ಹಾಕದೆ ಬರೀ ಬಿಸಿನೀರಿನಲ್ಲಿ ಜಾಲಿಸಿ ಒಣಗಿಸಿ. ಅದಕ್ಕೆ ಒಂದು ಸಲ ಸ್ಪ್ರೇ ಮಾಡಿ ಬೇರೆ ಕೋಣೆಯಲ್ಲಿಡಿ. ಮಾರನೇ ದಿನ ಬೆಳಗ್ಗೆ ಸ್ನಾನಕ್ಕೂ ಮುಂಚೆ, ಅಗರಬತ್ತಿ ಹಚ್ಚುವುದಕ್ಕೂ ಮುಂಚೆ ಮೂಸಿ ನೋಡಿ. ಮನೆಯ ಇನ್ನಿಬ್ಬರಿಗೂ ಕೊಡಿ. ಘಮ ಇದ್ದರೆ ಬಹುಶಃ ಮಸ್ಕ್ ಇದೆ ಅಂತ ಅರ್ಥ. ನಕಲಿ ಮಾಲಿನಲ್ಲಿ ಸಾಮಾನ್ಯವಾಗಿ ತದ್ವಿರುದ್ಧ ಕಾಣುತ್ತದೆ: ಮೊದಲ ಹತ್ತು ನಿಮಿಷ ಮೂಗಿಗೆ ಹೊಡೆಯುವ ಅಬ್ಬರ, ಮಾರನೇ ದಿನ ಶೂನ್ಯ. ಡಬ್ಬಿಯ ಮೇಲಿನ ಬ್ಯಾಚ್ ನಂಬರ್, ಬಾಟಲಿಯ ತಳದ ನಂಬರ್ ಒಂದೇ ಇದೆಯಾ ಅಂತಲೂ ನೋಡಿಕೊಳ್ಳಿ. ಎರಡೂ ಸರಿ ಇದ್ದರೆ ಚಿಂತೆ ಬಿಡಿ.

ಮೂಗು ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕಾಫಿ, ಇಂಗು, ಒಗ್ಗರಣೆ, ಕರ್ಪೂರ ಎಲ್ಲದರ ವಾಸನೆ ಬರುತ್ತಿದೆ ಅಲ್ವಾ? ಹಾಗಿದ್ದರೆ ಮೂಗು ಚೆನ್ನಾಗಿದೆ. ಇವು ಕೂಡ ಮಂಕಾಗಿವೆ ಅಂದರೆ, ಅದರಲ್ಲೂ ಕೋವಿಡ್ ಅಥವಾ ಜೋರು ನೆಗಡಿಯ ನಂತರ ಹೀಗಾಗಿದ್ದರೆ, ಕಿವಿ ಮೂಗು ಗಂಟಲಿನ ಡಾಕ್ಟರನ್ನು ನೋಡಿ. ಮನೆಯಲ್ಲಿ ಗ್ಯಾಸ್ ಸೋರಿದರೂ ಗೊತ್ತಾಗದ ಸ್ಥಿತಿ ಅದು, ಹಗುರವಾಗಿ ತೆಗೆದುಕೊಳ್ಳಬೇಡಿ.

ಇನ್ನು ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ ಪ್ರಶ್ನೆ: ನನಗೇ ಗೊತ್ತಾಗದ್ದು ಯಾಕಿಷ್ಟು ಇಷ್ಟ?

ನಮ್ಮ ಕಡೆ ಪರಿಮಳ ಅಂದರೆ ಹತ್ತು ಜನಕ್ಕೆ ಗೊತ್ತಾಗಬೇಕು. ಮದುವೆ ಛತ್ರದ ಬಾಗಿಲಲ್ಲಿ ಪನ್ನೀರು ಎರಚುತ್ತೇವೆ, ಮುಡಿ ತುಂಬ ಮಲ್ಲಿಗೆ ಮುಡಿಯುತ್ತೇವೆ. ದುಗ್ಗಮ್ಮನ ಜಾತ್ರೆಗೆ ಹೋದರೆ ಧೂಪ, ಬೇವು, ಹೂವು, ಕರಿದ ಎಣ್ಣೆ ಎಲ್ಲ ಒಟ್ಟಿಗೆ ಮುತ್ತುತ್ತವೆ. ಆ ಸಂಭ್ರಮ ನನಗೂ ಇಷ್ಟ. ಆದರೆ ಅಲ್ಲಿ ವಾಸನೆ ಊರಿನದು, ಹಬ್ಬದ್ದು. ಒಬ್ಬ ಮನುಷ್ಯರದು ಅಂತ ಒಂದು ವಾಸನೆ ಇರುತ್ತದಲ್ಲ, ಅಮ್ಮನ ಸೆರಗಿನದು, ಮಗುವಿನ ನೆತ್ತಿಯದು, ಗಂಡ ಬಿಚ್ಚಿಟ್ಟ ಅಂಗಿಯದು, ಅದು ಹತ್ತಿರ ಹೋದವರಿಗೆ ಮಾತ್ರ ಸಿಗುವಂಥದ್ದು. ಸ್ಕಿನ್ ಮಸ್ಕ್ ಆ ಜಾಗಕ್ಕೆ ಬಂದು ಕೂರುತ್ತದೆ. ಅದನ್ನು ಮೂಸಿದವರು ‘ಯಾವ ಸೆಂಟು’ ಅಂತ ಕೇಳುವುದಿಲ್ಲ. ‘ನೀನು ಚೆನ್ನಾಗಿ ವಾಸನೆ ಬರ್ತೀಯ’ ಅನ್ನುತ್ತಾರೆ. ನಿಮ್ಮ ಮಗಳು ಹೇಳಿದ್ದು ಇದನ್ನೇ, ಗಮನಿಸಿ.

ಇನ್ನೊಂದು ಕಾರಣವೂ ಇದೆ. ಇದು ಬಂದುಹೋಗುವ ಪರಿಮಳ. ನೀವು ಹೊರಗೆ ಹೋಗಿ ಗಾಳಿ ಕುಡಿದು ಬಂದಾಗ, ಕೈ ಎತ್ತಿ ತಲೆ ಬಾಚುವಾಗ, ಮೈ ಸ್ವಲ್ಪ ಬಿಸಿಯಾದಾಗ ಒಂದು ಕ್ಷಣ ತಟ್ಟನೆ ಬರುತ್ತದೆ, ಹಿಡಿಯಲು ಹೋದರೆ ಇಲ್ಲ. ಇಡೀ ದಿನ ಒಂದೇ ಸಮ ಬರುವುದಕ್ಕಿಂತ ಹೀಗೆ ಆಗೊಮ್ಮೆ ಈಗೊಮ್ಮೆ ಸಿಗುವುದು ಮನಸ್ಸನ್ನು ಜಾಸ್ತಿ ಎಳೆಯುತ್ತದೆ. ಇದನ್ನೇ ಒಂದು ದೊಡ್ಡ ವ್ಯಾಪಾರ ಮಾಡಿದವರಿದ್ದಾರೆ. ಗೇಜಾ ಶೋನ್ ಎಂಬ ಜರ್ಮನಿಯ ಪರ್ಫ್ಯೂಮರ್ 2006ರಲ್ಲಿ ಮಾಲಿಕ್ಯೂಲ್ 01 ಅಂತ ಒಂದು ಸೆಂಟು ತಂದರು. ಅದರಲ್ಲಿರುವ ಪರಿಮಳ ವಸ್ತು ಒಂದೇ, ಐಸೋ ಇ ಸೂಪರ್ ಎಂಬ ಲ್ಯಾಬಿನ ವಸ್ತು. ಮೆತ್ತಗೆ ದೇವದಾರು ಮರದ ಹಾಗೆ. ಕೆಲವರಿಗೆ ಏನೂ ಬರುವುದಿಲ್ಲ, ಕೆಲವರು ಅದಕ್ಕಾಗಿ ಹುಚ್ಚಾಗಿದ್ದಾರೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಇಂಥ ಒಂದೆರಡು ವಸ್ತುಗಳ ಸೆಂಟಿನಲ್ಲಿ ನೀವು ಕೊಡುವ ದುಡ್ಡಿನ ಬಹುಪಾಲು ಬಾಟಲಿ, ಹೆಸರು, ಜಾಹೀರಾತಿಗೇ ಹೋಗುತ್ತದೆ. ಒಳಗಿನ ವಸ್ತು ದುಬಾರಿಯಲ್ಲ. ನಿಮ್ಮ 3,200 ವ್ಯರ್ಥ ಅಂತ ಹೇಳುತ್ತಿಲ್ಲ, ಆದರೆ ಮುಂದಿನ ಸಲ 9,000ದ ಬಾಟಲಿ ಮೂರು ಪಟ್ಟು ಮೆತ್ತಗಿರುತ್ತದೆ ಅಂತ ನಂಬಬೇಡಿ.

ನಂಬಬಾರದ ಇನ್ನೂ ಕೆಲವು ಮಾತುಗಳಿವೆ. ಮಣಿಕಟ್ಟು ಉಜ್ಜಿದರೆ ಪರಿಮಳದ ‘ಅಣು ಒಡೆಯುತ್ತದೆ’ ಅನ್ನುತ್ತಾರೆ. ಕೈ ಉಜ್ಜಿ ಅಣು ಒಡೆಯಲು ಆಗುವುದಿಲ್ಲ. ಬಿಸಿಗೆ ಮೇಲಿನ ಹಗುರ ವಾಸನೆ ಸ್ವಲ್ಪ ಬೇಗ ಹಾರುತ್ತದೆ, ಅಷ್ಟೇ. ಅಂಗಡಿಯಲ್ಲಿ ಕಾಫಿ ಬೀಜ ಮೂಸಿದರೆ ಮೂಗು ತಾಜಾ ಆಗುತ್ತದೆ ಅನ್ನುವುದೂ ಹಾಗೇ. ಬಾಗಿಲಾಚೆ ಹೋಗಿ ಒಳ್ಳೆಯ ಗಾಳಿ ತೆಗೆದುಕೊಂಡರೆ ಅಷ್ಟೇ ಲಾಭ. ನಾವಂತೂ ನಮ್ಮದೇ ಮೊಣಕೈ ಒಳಭಾಗ ಮೂಸುತ್ತೇವೆ. ‘ಅವರವರ ಚರ್ಮದ ಪಿಎಚ್ (ಆಮ್ಲೀಯ ಗುಣ) ಪ್ರಕಾರ ಸೆಂಟು ಬದಲಾಗುತ್ತದೆ’ ಅನ್ನುವುದರಲ್ಲಿ ಮಾತ್ರ ಅರ್ಧ ಸತ್ಯ ಇದೆ. ಒಬ್ಬೊಬ್ಬರ ಮೇಲೆ ಬೇರೆ ಬೇರೆ ಅನ್ನಿಸುವುದು ನಿಜ. ಆದರೆ ಅದಕ್ಕೆ ದೊಡ್ಡ ಕಾರಣ ಪಿಎಚ್ ಅಲ್ಲ. ಚರ್ಮದ ಎಣ್ಣೆ, ತೇವ, ಬಿಸಿ, ಜೊತೆಗೆ ನಾವು ಹಚ್ಚಿಕೊಂಡ ಸೋಪು, ಪೌಡರ್, ಕೊಬ್ಬರಿ ಎಣ್ಣೆ. ನಮ್ಮ ಕರ್ನಾಟಕದಲ್ಲೇ ಬೆಳೆಯುವ ದವನದ ಎಣ್ಣೆಯ ಬಗ್ಗೆ ಪರ್ಫ್ಯೂಮ್ ಮಾಡುವವರಲ್ಲಿ ಇಂಥದೇ ಮಾತಿದೆ, ಅದು ಹತ್ತು ಜನರ ಮೈಮೇಲೆ ಹತ್ತು ಥರ ಅಂತ. ದವನದ ಹುಣ್ಣಿಮೆಯ ಹೊತ್ತಿಗೆ ಹೂವಿನ ಅಂಗಡಿಯಲ್ಲಿ ಸಿಗುವ ಎಳೆಯನ್ನು ನೀವೂ ತಂಗಿಯೂ ಕೈಗೆ ಉಜ್ಜಿ ನೋಡಬಹುದು, ಖರ್ಚಿಲ್ಲದ ಪ್ರಯೋಗ.

ನಮ್ಮ ಊರಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಾರ್ಚ್, ಏಪ್ರಿಲ್‌ನಲ್ಲಿ 38–39 ಡಿಗ್ರಿ, ಅದೂ ಒಣ ಬಿಸಿಲು. ಒಣಗಿದ ಚರ್ಮದ ಮೇಲೆ ಸೆಂಟು ನಿಲ್ಲುವುದಿಲ್ಲ. ಅದೇ ಬಿಸಿಲು ಭಾರದ ಮಸ್ಕನ್ನೂ ಜೋರಾಗಿ ಎಬ್ಬಿಸುತ್ತದೆ. ಡಿಸೆಂಬರ್‌ನಲ್ಲಿ ಎರಡು ಸ್ಪ್ರೇ ಹಾಕಿದರೆ ಏಪ್ರಿಲ್‌ನಲ್ಲಿ ಒಂದು ಸಾಕು. ಚಿತ್ರದುರ್ಗದ ಗಾಳಿಯಲ್ಲಂತೂ ಕೇಳಬೇಡಿ. ಜೋಗಿಮಟ್ಟಿ ಕಡೆ ಗಾಳಿಗಿರಣಿ ತಿರುಗಿಸುವ ಗಾಳಿ ಅದು, ಬಯಲಲ್ಲಿ ನಿಂತರೆ ಮೆತ್ತನೆಯ ಸೆಂಟು ಯಾರ ಮೂಗಿಗೂ ಎಟುಕುವುದಿಲ್ಲ.

ಹಾಗಾದರೆ ಏನು ಮಾಡಬಹುದು? ನನ್ನ ಮೊದಲ ಸಲಹೆ: ಇದನ್ನೇ ಇಟ್ಟುಕೊಳ್ಳಿ, ಹಾಕುವ ರೀತಿ ಬದಲಿಸಿ. ಸ್ನಾನವಾದ ಮೇಲೆ ಮೈ ಸ್ವಲ್ಪ ತೇವ ಇರುವಾಗಲೇ ವಾಸನೆ ಇಲ್ಲದ ಲೋಷನ್ ತೆಳ್ಳಗೆ ಹಚ್ಚಿ. ಅದರ ಮೇಲೆ ಎದೆಯ ಭಾಗಕ್ಕೆ ಒಂದು, ಮೊಣಕೈ ಒಳಗೆ ಒಂದು. ಎರಡೇ. ಆಮೇಲೆ ಬಾಟಲಿ ಮುಟ್ಟಬೇಡಿ, ಮೂಗು ಏನೇ ಹೇಳಲಿ. ಮೂಗಿನ ಕೆಳಗೇ ಇರುವ ಕುತ್ತಿಗೆಗೆ ಹಾಕಿದರೆ ಇನ್ನೂ ಬೇಗ ಅಭ್ಯಾಸವಾಗುತ್ತದೆ, ಹಾಗಾಗಿ ಅಲ್ಲಿ ಬೇಡ. ವಾರದಲ್ಲಿ ಎರಡು ದಿನ ಬಿಟ್ಟುಬಿಡಿ, ಮತ್ತೆ ಹಾಕಿದಾಗ ಮೊದಲ ದಿನದ ಖುಷಿ ಸ್ವಲ್ಪ ವಾಪಸ್ ಬರುತ್ತದೆ. ಹತ್ತಿ ಸೀರೆಗೆ ಹಾಕಿದರೆ ದಿನಗಟ್ಟಲೆ ನಿಲ್ಲುತ್ತದೆ. ರೇಷ್ಮೆಗೆ, ಜರಿಗೆ ಹಾಕಬೇಡಿ, ಕಲೆ ಬೀಳುತ್ತದೆ. ಪಕ್ಕದ ಸೀಟಿನವರನ್ನು ಒಂದು ಮಾತು ಕೇಳಿ, ಎರಡು ಸ್ಪ್ರೇಗೆ ಹೇಗಿದೆ ಅಂತ. ಮೈಗ್ರೇನ್ ಇರುವ ಕೆಲವರಿಗೆ ಎಷ್ಟು ಮೆತ್ತಗಿದ್ದರೂ ಆಗುವುದಿಲ್ಲ. ಆಗ ಬ್ಯಾಂಕಿಗೆ ಬೇಡ, ಮನೆಗೆ ಇರಲಿ.

ನಿಮಗೂ ಸ್ವಲ್ಪ ಗೊತ್ತಾಗಲೇಬೇಕು ಅನ್ನಿಸಿದರೆ ಮಸ್ಕ್ ಜೊತೆ ಏನಾದರೂ ಹಗುರವಾದದ್ದು ಸೇರಿರುವ ಸೆಂಟು ನೋಡಿ. ಕಿತ್ತಳೆ ಹೂವು, ಸ್ವಲ್ಪ ಗುಲಾಬಿ, ಟೀ ಎಲೆ ಹೀಗೆ. ಕಸ್ತೂರಿ ಬೆಂಡೆಯ ಬೀಜದಿಂದ ತೆಗೆದ ಗಿಡದ ಮಸ್ಕ್ ಇರುವಂಥದ್ದು ಸಿಕ್ಕರೆ ನನಗೆ ಬಲು ಇಷ್ಟ. ಅದು ಡಿಟರ್ಜೆಂಟ್ ಕುಟುಂಬದ್ದಲ್ಲ, ಪೇರಳೆ ಹಣ್ಣಿನ ಛಾಯೆ ಇರುತ್ತದೆ, ತಂಗಿಗೂ ಬರುವ ಸಾಧ್ಯತೆ ಜಾಸ್ತಿ. ಹಗುರವಾದದ್ದು ಸೇರಿದ ಸೆಂಟುಗಳು ಹೆಚ್ಚು ದೂರ ಹರಡುತ್ತವೆ ಅನ್ನುವುದೇ ತೊಂದರೆ. ಮತ್ತೆ ಪಕ್ಕದ ಸೀಟು ನೆನಪಿರಲಿ.

ಅತ್ತರು? ಆಲ್ಕೋಹಾಲ್ ಇಲ್ಲದ್ದರಿಂದ ಅದು ಸಹಜವಾಗಿಯೇ ಮೈಗೆ ಅಂಟಿಕೊಂಡಿರುತ್ತದೆ. ಶ್ರೀಗಂಧದ ಎಣ್ಣೆಯೇ ನಮ್ಮ ನಾಡಿನ ಹಳೆಯ ಸ್ಕಿನ್ ಸೆಂಟು ಅಂತ ನಾನು ಹೇಳುತ್ತಿರುತ್ತೇನೆ. ಅದರ ಸ್ಯಾಂಟಲಾಲ್ ಅಣುವಿನ ತೂಕವೂ 220, ಭಾರ. ಉತ್ತರ ಪ್ರದೇಶದ ಕನ್ನೌಜ್‌ನಲ್ಲಿ ಸುಟ್ಟ ಮಣ್ಣನ್ನು ಬಟ್ಟಿ ಇಳಿಸಿ ಗಂಧದೆಣ್ಣೆಗೆ ಹಿಡಿಸುವ ಮಿಟ್ಟಿ ಅತ್ತರು ಇದೆ, ಮೊದಲ ಮಳೆಯ ವಾಸನೆ ಇಷ್ಟಪಡುವವರು ಒಮ್ಮೆ ನೋಡಲೇಬೇಕು. ಆದರೆ ಬೆಲೆ ನೋಡಿ ಕೊಳ್ಳಿ. ಗಂಧದೆಣ್ಣೆ ಕಿಲೋಗೆ ಲಕ್ಷ ರೂಪಾಯಿ ದಾಟುತ್ತದೆ. 150 ರೂಪಾಯಿಯ 10 ಎಂಎಲ್ ಶೀಶೆಯಲ್ಲಿ ಅದು ಇರಲು ಸಾಧ್ಯವಿಲ್ಲ. ವಾಸನೆ ಇಲ್ಲದ ಅಗ್ಗದ ದ್ರಾವಣದಲ್ಲಿ ಲ್ಯಾಬಿನ ಪರಿಮಳ ಕಲಸಿದ್ದು ಇರುತ್ತದೆ. ಅದೇನು ವಿಷವಲ್ಲ, ಆದರೆ ಗಂಧದ ದುಡ್ಡು ಕೊಡಬೇಡಿ. ಅತ್ತರನ್ನು ಯಾರೂ ತೆಳು ಮಾಡಿ ಹಚ್ಚುವುದಿಲ್ಲ. ಹಾಗಾಗಿ ಅಲರ್ಜಿ ಇರುವವರಿಗೆ ಅದು ಸ್ಪ್ರೇಗಿಂತ ಜಾಸ್ತಿ ಕೆರಳಿಸಬಹುದು. ‘ನ್ಯಾಚುರಲ್’ ಅಂದ ಮಾತ್ರಕ್ಕೆ ಚರ್ಮಕ್ಕೆ ಸುರಕ್ಷಿತ ಅಂತ ಇಲ್ಲ. ದಾಲ್ಚಿನ್ನಿ, ಲವಂಗದ ಎಣ್ಣೆಗಳು ಎಷ್ಟು ಜನರ ಚರ್ಮ ಸುಟ್ಟಿವೆ ಅಂತ ಚರ್ಮದ ಡಾಕ್ಟರನ್ನು ಕೇಳಿ. ಯಾವುದೇ ಹೊಸದನ್ನು ಮೊಣಕೈ ಒಳಗೆ ಒಂದು ಚುಕ್ಕೆ ಹಚ್ಚಿ ಎರಡು ದಿನ ನೋಡಿ, ಆಮೇಲೆ ಮುಂದುವರಿಯಿರಿ.

ಕುತ್ತಿಗೆಯ ವಿಷಯ. ಅತ್ತೆಯವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ, ಆದರೆ ಪೂರ್ತಿ ಒಪ್ಪುವ ಹಾಗೂ ಇಲ್ಲ. ಬರ್ಗಮಾಟ್ ಎಂಬ ನಿಂಬೆ ಜಾತಿಯ ಎಣ್ಣೆಯಲ್ಲಿ ಬಿಸಿಲಿಗೆ ಚರ್ಮ ಕಪ್ಪಾಗಿಸುವ ಒಂದು ವಸ್ತು ಇರುತ್ತದೆ. ಹಿಂದೆ ಕೊಲೋನ್ ಹಾಕಿಕೊಂಡು ಬಿಸಿಲಿಗೆ ಹೋದವರ ಕುತ್ತಿಗೆಯಲ್ಲಿ ಅದು ಹರಿದ ಗುರುತು ಹಾಗೇ ಕಪ್ಪಾಗಿ ಉಳಿಯುತ್ತಿತ್ತು. ಈಗ ಒಳ್ಳೆಯ ತಯಾರಕರು ಅದನ್ನು ತೆಗೆದ ಎಣ್ಣೆ ಬಳಸುತ್ತಾರೆ. ಹಳೆಯ ಮಸ್ಕ್‌ಗಳಲ್ಲಿ ಮಸ್ಕ್ ಆಂಬ್ರೆಟ್ ಅಂತ ಒಂದು ಬಿಸಿಲಿನ ಅಲರ್ಜಿ ತರುತ್ತಿತ್ತು, ಅದನ್ನೂ ಬಿಟ್ಟಿದ್ದಾರೆ. ಸೆಂಟು, ಕುಂಕುಮ, ಹೇರ್ ಡೈಗಳ ಅಲರ್ಜಿಯಿಂದ ನಿಧಾನವಾಗಿ ಕಪ್ಪಾಗುವುದೂ ಉಂಟು. ಸಾಮಾನ್ಯವಾಗಿ ಮೊದಲು ತುರಿಕೆ ಇರುತ್ತದೆ. ಆದರೆ ಕಪ್ಪು ಕುತ್ತಿಗೆಯ ಸುತ್ತ ಇದ್ದು, ಹಿಂಭಾಗದ ಮಡಿಕೆಗಳಲ್ಲಿ ದಪ್ಪಗೆ, ಮಖಮಲ್ಲಿನ ಹಾಗೆ ಇದ್ದರೆ ಅದಕ್ಕೂ ಸೆಂಟಿಗೂ ಸಂಬಂಧ ಇರುವುದು ಕಡಿಮೆ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಹೀಗಾಗುತ್ತದೆ. ನಾನು ಡಾಕ್ಟರ್ ಅಲ್ಲ. ಚರ್ಮದ ಡಾಕ್ಟರಿಗೆ ತೋರಿಸಿ, ಶುಗರ್ ಪರೀಕ್ಷೆಯನ್ನೂ ಮಾಡಿಸಿಬಿಡಿ. ಅಲ್ಲಿಯವರೆಗೆ ಕುತ್ತಿಗೆಗೆ ಯಾವ ಸೆಂಟೂ ಬೇಡ, ನಿಂಬೆಹಣ್ಣು ಉಜ್ಜುವ ಮನೆಮದ್ದಂತೂ ಬೇಡವೇ ಬೇಡ.

ದೇವರ ಮುಂದೆ ಹೋಗುವುದು ನಿಮ್ಮ ಮನೆಯ ಪದ್ಧತಿ, ನಾನು ಮಧ್ಯೆ ಬರುವುದಿಲ್ಲ. ಸೆಂಟಿನಲ್ಲಿರುವುದು ಎಥೈಲ್ ಆಲ್ಕೋಹಾಲ್, ಕುಡಿಯಲು ಬಾರದ ಹಾಗೆ ಏನಾದರೂ ಬೆರೆಸಿರುತ್ತಾರೆ, ಚರ್ಮದ ಮೇಲೆ ಒಂದೆರಡು ನಿಮಿಷದಲ್ಲಿ ಆರಿಹೋಗುತ್ತದೆ. ಆದರೆ ಅತ್ತೆಯವರು ಹೇಳಿದ್ದಕ್ಕೆ ಬೇರೆ ಕಾರಣದಿಂದ ನನ್ನ ಬೆಂಬಲ ಇದೆ. ಬಾಟಲಿಯ ಮುಕ್ಕಾಲು ಪಾಲಿಗಿಂತ ಜಾಸ್ತಿ ಆಲ್ಕೋಹಾಲ್, ಬೆಂಕಿ ಹತ್ತಿದರೆ ಭಗ್ಗನೆ ಉರಿಯುತ್ತದೆ. ಹಚ್ಚಿದ ದೀಪದ ಹತ್ತಿರ, ಒಲೆಯ ಹತ್ತಿರ ಸ್ಪ್ರೇ ಮಾಡಬೇಡಿ. ಪೂಜೆ ಮುಗಿಸಿ, ತಿಂಡಿ ಮುಗಿಸಿ, ಹೊರಡುವ ಮುಂಚೆ ಹಾಕಿಕೊಳ್ಳಿ. ಬಾಟಲಿಯನ್ನು ಡ್ರೆಸ್ಸಿಂಗ್ ಟೇಬಲ್ ಮೇಲೆ ಕಿಟಕಿ ಬಿಸಿಲಿಗೆ ಬಿಡದೆ, ಬೀರುವಿನೊಳಗೆ ಅದರ ಡಬ್ಬಿಯಲ್ಲೇ ಇಡಿ. ಸ್ಕೂಟಿಯ ಡಿಕ್ಕಿಯಲ್ಲಿ ಇಟ್ಟುಕೊಂಡು ಓಡಾಡುವ ಅಭ್ಯಾಸ ಇದ್ದರೆ ಇವತ್ತೇ ತೆಗೆದುಬಿಡಿ.